ಯೋಧನ ಹೆಗಲ ಮೇಲಿನ ರೈಫಲ್ ತಯಾರಾಗಿದ್ದು ಎಲ್ಲಿ?

ಜನವರಿ 26ರ ಪೆರೇಡನ್ನು ಟಿವಿಯಲ್ಲೋ ಫೋನಿನಲ್ಲೋ ನೋಡುವಾಗ ನಮ್ಮ ಕಣ್ಣು ಹೋಗೋದು ಟ್ಯಾಂಕು, ಕ್ಷಿಪಣಿ, ವಿಮಾನಗಳ ಕಡೆಗೆ. ಹೆಜ್ಜೆ ಹಾಕುತ್ತಾ ಸಾಗುವ ಯೋಧರ ಕೈಯಲ್ಲಿ ಯಾವ ರೈಫಲ್ ಇದೆ ಅಂತ ಯಾರೂ ಅಷ್ಟಾಗಿ ಗಮನಿಸಲ್ಲ. ಮುಂದಿನ ಸಲ ಗಮನಿಸಿ. ಹಳೆಯ ಪೆರೇಡ್‌ಗಳ ವಿಡಿಯೊ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಮಜಾ ಇದೆ. ಮರದ ಹಿಡಿಯ ಉದ್ದನೆಯ ಎಸ್‌ಎಲ್‌ಆರ್ ಕಂಡರೆ ಅದು ನಮ್ಮ ಅಪ್ಪ-ಅಮ್ಮ ಕಾಲೇಜಿಗೆ ಹೋಗುತ್ತಿದ್ದ ಕಾಲ. ಇನ್ಸಾಸ್ ಕಂಡರೆ 1998 ಅಥವಾ ಅದರ ನಂತರದ್ದು. ಈಚಿನ ವರ್ಷಗಳಲ್ಲಾದರೆ ಅಮೆರಿಕದ ಸಿಗ್, ರಷ್ಯಾ ಮೂಲದ ಎಕೆ-203 ಎರಡೂ ಸುದ್ದಿಯಲ್ಲಿವೆ.

ಒಂದು ಫೋನ್ ಕೊಳ್ಳೋಕೆ ನಾವು ಹತ್ತು ರಿವ್ಯೂ ನೋಡ್ತೀವಿ, ಮೂರು ಜನ ಸ್ನೇಹಿತರನ್ನು ಕೇಳ್ತೀವಿ. ಗಡಿಯಲ್ಲಿ ನಿಂತವನಿಗೆ ಆ ಭಾಗ್ಯ ಇಲ್ಲ. 'ಕೋತ್'ನಿಂದ, ಅಂದರೆ ಪಲ್ಟನ್ನಿನ ಆಯುಧ ಕೋಣೆಯಿಂದ, ಅವನ ಹೆಸರಿಗೆ ನಂಬರ್ ಸಮೇತ ಯಾವುದನ್ನು ಬರೆದುಕೊಡುತ್ತಾರೋ ಅದೇ ಅವನದು. ಬೇಕಾದ ಹೊತ್ತಿಗೆ ಅದು ಸಿಡಿಯದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವಂತಿಲ್ಲ. ಅವನ ಪರವಾಗಿ ಆಯ್ಕೆಯನ್ನು ಯಾರೋ, ಎಷ್ಟೋ ವರ್ಷ ಮೊದಲೇ ಮಾಡಿರುತ್ತಾರೆ. ಆ ಆಯ್ಕೆಯಲ್ಲಿ 'ಯಾವುದು ಬೆಸ್ಟ್' ಅನ್ನೋದಕ್ಕಿಂತ 'ಯಾವ ಕಾರ್ಖಾನೆ, ಎಷ್ಟು ಬೇಗ, ಎಷ್ಟು ಲಕ್ಷ, ಗುಂಡು ಎಲ್ಲಿಂದ' ಅನ್ನೋ ಪ್ರಶ್ನೆಗಳದ್ದೇ ಮೇಲುಗೈ. ನಮ್ಮ ಸೇನೆಯ ರೈಫಲ್‌ಗಳ ಕಥೆ ಓದಿದಷ್ಟೂ ಇದೇ ಎದ್ದು ಕಾಣುತ್ತೆ.

ಹೂಗ್ಲಿ ದಂಡೆಯ ಕಾರ್ಖಾನೆ

ಕೋಲ್ಕತ್ತದಿಂದ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯಲ್ಲಿ ಇಶಾಪುರ ಅಂತ ಒಂದು ಊರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಅಲ್ಲಿ ಕೋವಿಮದ್ದು ತಯಾರಾಗುತ್ತಿತ್ತು. 20ನೇ ಶತಮಾನದ ಶುರುವಿನಲ್ಲಿ ಅದೇ ಜಾಗದಲ್ಲಿ ರೈಫಲ್ ಕಾರ್ಖಾನೆ ಎದ್ದಿತು. ಅಲ್ಲಿಂದ ಹೊರಬಂದ ಹೆಸರಾಂತ ಮಾಲು .303 ಲೀ-ಎನ್‌ಫೀಲ್ಡ್. ಹಳ್ಳಿಯ ಜಾತ್ರೆ, ಚುನಾವಣೆಗಳಲ್ಲಿ ಪೊಲೀಸರ ಹೆಗಲ ಮೇಲೆ ಹಿರಿಯರು ನೋಡಿದ 'ತ್ರೀ ನಾಟ್ ತ್ರೀ' ಇದೇ. ಹತ್ತು ಗುಂಡಿನ ಮ್ಯಾಗಜೀನ್, ಸುಮಾರು ನಾಲ್ಕು ಕಿಲೋ ತೂಕ. ಒಂದು ಗುಂಡು ಹಾರಿದ ಮೇಲೆ ಇನ್ನೊಂದು ಹಾರಬೇಕಾದರೆ ಕೈಯಿಂದಲೇ ಬೋಲ್ಟ್ ಎಳೆದು ತಳ್ಳಬೇಕು.

ಎರಡು ಮಹಾಯುದ್ಧಗಳಲ್ಲಿ ದುಡಿದ ಈ ರೈಫಲ್ ಗಟ್ಟಿಮುಟ್ಟು. ಅದರ ಬಗ್ಗೆ ಎರಡು ಮಾತಿಲ್ಲ. ತೊಂದರೆ ಆಗಿದ್ದು 1962ರಲ್ಲಿ. ಹಿಮಾಲಯದಲ್ಲಿ ನಮ್ಮವರು ಒಂದೊಂದೇ ಗುಂಡಿಗೂ ಬೋಲ್ಟ್ ಎಳೆಯುತ್ತಿದ್ದರೆ, ಎದುರಿಗಿದ್ದ ಚೀನೀ ಸೈನಿಕರ ಕೈಯಲ್ಲಿ ಟ್ರಿಗರ್ ಒತ್ತಿದಂತೆಲ್ಲ ತಾನೇ ಮುಂದಿನ ಗುಂಡು ತುಂಬಿಕೊಳ್ಳುವ ಬಂದೂಕುಗಳಿದ್ದವು. ಆ ಸೋಲಿಗೆ ರೈಫಲ್ ಒಂದೇ ಕಾರಣ ಅಲ್ಲ. ರಸ್ತೆ ಇರಲಿಲ್ಲ, ಬೆಚ್ಚನೆಯ ಬಟ್ಟೆ ಇರಲಿಲ್ಲ, ಬೇಕಾದಷ್ಟು ಗುಂಡೂ ಇರಲಿಲ್ಲ. ಆದರೂ ಕೈಯಲ್ಲಿನ ಆಯುಧ ಒಂದು ತಲೆಮಾರು ಹಿಂದಿತ್ತು ಅನ್ನೋದು ಸತ್ಯ.

ಯುದ್ಧ ಮುಗಿದ ಮೇಲೆ ಕೆಲಸ ಚುರುಕಾಯಿತು. ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್ ರೈಫಲ್ ಆಗ ಜಗತ್ತಿನ ಎಷ್ಟೋ ಸೇನೆಗಳ ಕೈಯಲ್ಲಿತ್ತು. ನಮ್ಮ ಎಂಜಿನಿಯರುಗಳು ಅದರ ಬೇರೆ ಬೇರೆ ದೇಶಗಳ ಮಾದರಿಗಳನ್ನು ಬಿಚ್ಚಿ, ಅಳೆದು, ನಮ್ಮದೇ ಒಂದು ರೂಪ ಕೊಟ್ಟರು. ಅದೇ 7.62 ಮಿ.ಮೀ. ಎಸ್‌ಎಲ್‌ಆರ್. ಅನುಮತಿ ಕೇಳದೆ ನಕಲು ಮಾಡಿದಿರಿ ಅಂತ ಎಫ್‌ಎನ್ ತಕರಾರು ತೆಗೆಯಿತು, ಕೊನೆಗೆ ಮಾತುಕತೆಯಲ್ಲಿ ಬಗೆಹರಿಯಿತು. ಇಶಾಪುರದಲ್ಲಿ ತಯಾರಾದ ಈ ಎಸ್‌ಎಲ್‌ಆರ್ 1971ರ ಯುದ್ಧ ಗೆದ್ದ ರೈಫಲ್. ಭಾರ ಜಾಸ್ತಿ, ಒದೆತ ಜಾಸ್ತಿ, ಆದರೆ ಹೊಡೆದರೆ ಬಿದ್ದ ಅಂತಲೇ ಲೆಕ್ಕ. ನಿವೃತ್ತ ಸುಬೇದಾರರು ಯಾರಾದರೂ ಸಿಕ್ಕರೆ ಎಸ್‌ಎಲ್‌ಆರ್ ಹೆಸರು ಹೇಳಿ ನೋಡಿ. ಚಹಾ ಎರಡು ಸಲ ಬರುತ್ತೆ.

ಎಫ್‌ಎನ್ ಬಗ್ಗೆ ಇನ್ನೂ ಒಂದು ಮಾತು. ಲೀಜ್ ನಗರದ ಹತ್ತಿರ ಹರ್ಸ್ಟಾಲ್‌ನಲ್ಲಿರುವ ಈ ಕಂಪನಿ ಶುರುವಾಗಿದ್ದು 1889ರಲ್ಲಿ, ಬೆಲ್ಜಿಯಂ ಸೇನೆಗೆ 1,50,000 ಮೌಸರ್ ರೈಫಲ್ ಮಾಡಿಕೊಡೋಕೆ. ಅಷ್ಟು ಪುಟ್ಟ ದೇಶದ ಆ ಕಂಪನಿ, ಮುಂದೆ ಅಮೆರಿಕದ ಸೇನೆಗೇ ಎಂ16 ರೈಫಲ್ ತಯಾರಿಸಿಕೊಡುವ ಗುತ್ತಿಗೆಯನ್ನು ಅಮೆರಿಕದ್ದೇ ಆದ ಕೋಲ್ಟ್ ಕೈಯಿಂದ ಕಿತ್ತುಕೊಂಡಿತು. ಬಂದೂಕಿನ ವ್ಯಾಪಾರದಲ್ಲಿ ದೇಶದ ಗಾತ್ರಕ್ಕಿಂತ ಕಾರ್ಖಾನೆಯ ಕೈಚಳಕ ದೊಡ್ಡದು.

ಬ್ರನೋ ಮತ್ತು ಎನ್‌ಫೀಲ್ಡ್ ಸೇರಿ ಬ್ರೆನ್

ಸಿನಿಮಾದಲ್ಲಿ ಎಲ್ಲ ಬಂದೂಕೂ ಒಂದೇ ತರಹ ಸಿಡಿಯುತ್ತೆ, ಗುಂಡು ಮುಗಿಯೋದೇ ಇಲ್ಲ. ನಿಜದಲ್ಲಿ ರೈಫಲ್ ಬೇರೆ, ಮೆಷಿನ್ ಗನ್ ಬೇರೆ. ರೈಫಲ್ ಪ್ರತಿಯೊಬ್ಬನ ಬಳಿ. ಹತ್ತು ಜನರ ಒಂದು ತಂಡದಲ್ಲಿ ಲೈಟ್ ಮೆಷಿನ್ ಗನ್, ಅಂದರೆ ಎಲ್‌ಎಂಜಿ, ಸಾಮಾನ್ಯವಾಗಿ ಒಂದೇ. ಅದರ ಕೆಲಸ ಶತ್ರು ತಲೆ ಎತ್ತದಂತೆ ಬಿಡದೆ ಗುಂಡು ಸುರಿಸೋದು. ಆ ಹೊತ್ತಿನಲ್ಲಿ ಉಳಿದವರು ಮುಂದೆ ಓಡಬೇಕು. ಅದು ನಿಂತರೆ ಓಡುತ್ತಿರುವವರು ಬಯಲಲ್ಲಿ ಸಿಕ್ಕಿಬಿದ್ದ ಹಾಗೆ. ನಿರಂತರವಾಗಿ ಹೊಡೆದಾಗ ನಳಿಗೆ ಕೆಂಪಗೆ ಕಾಯುತ್ತೆ. ಅದಕ್ಕೇ ಒಳ್ಳೆಯ ಮೆಷಿನ್ ಗನ್‌ಗಳಲ್ಲಿ ಕಾದ ನಳಿಗೆ ತೆಗೆದು ತಣ್ಣನೆಯದನ್ನು ಕೆಲವೇ ಸೆಕೆಂಡಿನಲ್ಲಿ ಹಾಕುವ ವ್ಯವಸ್ಥೆ ಇರುತ್ತೆ.

ನಮ್ಮಲ್ಲಿ ಈ ಕೆಲಸ ದಶಕಗಳ ಕಾಲ ಮಾಡಿದ್ದು ಬ್ರೆನ್ ಗನ್. ಚೆಕ್ ದೇಶದ ಬ್ರನೋ ನಗರದಲ್ಲಿ ಹುಟ್ಟಿದ ವಿನ್ಯಾಸ, ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ ತಯಾರಿಕೆ. ಎರಡೂ ಊರಿನ ಮೊದಲಕ್ಷರಗಳು ಕೂಡಿ ಬ್ರೆನ್ ಆಯಿತು. ಮ್ಯಾಗಜೀನ್ ಬಾಳೆಕಾಯಿಯ ಹಾಗೆ ಬಾಗಿ ಮೇಲ್ಗಡೆ ಕೂತಿರುತ್ತೆ, ಅದರಿಂದ ದೂರದಿಂದಲೇ ಗುರುತು ಸಿಗುತ್ತೆ. .303 ಹೋಗಿ 7.62 ಬಂದಾಗ ನಾವು ಬ್ರೆನ್ ಬಿಸಾಡಲಿಲ್ಲ, ಹೊಸ ಗುಂಡಿಗೆ ಹೊಂದುವಂತೆ ಬದಲಿಸಿ ಬಳಸಿದೆವು. ಇದರ ಅಣ್ಣನಂಥ ಮೀಡಿಯಂ ಮೆಷಿನ್ ಗನ್ ಎಂಎಜಿ ಕೂಡ ಎಫ್‌ಎನ್ ವಿನ್ಯಾಸವೇ, ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತೆ. ಎಂಎಜಿ ಬಗ್ಗೆ ದೂರು ಬಂದದ್ದು ಕಡಿಮೆ. ಅದಕ್ಕೇ ಅದರ ಸುದ್ದಿಯೂ ಕಡಿಮೆ.

ಸಣ್ಣ ಗುಂಡಿನ ಕಾಲ

ಇನ್ಸಾಸ್ ವಿಷಯಕ್ಕೆ ಬರೋ ಮೊದಲು ವಿಯೆಟ್ನಾಂಗೆ ಹೋಗಿಬರಬೇಕು. 1960ರ ದಶಕದಲ್ಲಿ ಅಮೆರಿಕ ತನ್ನ ದೊಡ್ಡ 7.62 ಗುಂಡಿನ ರೈಫಲ್ ಬಿಟ್ಟು ಸಣ್ಣ 5.56 ಗುಂಡಿನ ಎಂ16 ಹಿಡಿಯಿತು. ಕಾರಣ ಸರಳ. 7.62ರ ಒಂದು ಗುಂಡು ಸುಮಾರು 24 ಗ್ರಾಂ, 5.56ರದ್ದು ಸುಮಾರು 12. ಹೊರುವ ಭಾರ ಅಷ್ಟೇ ಇಟ್ಟುಕೊಂಡು ಗುಂಡುಗಳ ಸಂಖ್ಯೆ ದುಪ್ಪಟ್ಟು ಮಾಡಬಹುದು. ಒದೆತವೂ ಕಡಿಮೆ.

ಕಾಗದದ ಮೇಲೆ ಚೆನ್ನಾಗಿತ್ತು. ಕಾಡಿನಲ್ಲಿ ಎಂ16 ಕಚ್ಚಿಕೊಳ್ಳೋಕೆ ಶುರುವಾಯಿತು. ಗುಂಡಿನೊಳಗಿನ ಮದ್ದನ್ನು ಬದಲಿಸಿದ್ದರು, ಗುಂಡು ಕೂರುವ ಭಾಗಕ್ಕೆ ಕ್ರೋಮ್ ಲೇಪ ಮಾಡಿರಲಿಲ್ಲ, ಜೊತೆಗೆ ಬಂದೂಕು ಶುಚಿ ಮಾಡುವ ಸಾಮಾನನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಕಚ್ಚಿಕೊಂಡ ರೈಫಲ್ ಪಕ್ಕದಲ್ಲೇ ಸತ್ತು ಬಿದ್ದ ಹುಡುಗರ ಸುದ್ದಿ ಮನೆಮನೆಗೆ ಪತ್ರಗಳಲ್ಲಿ ಹೋಯಿತು. 1967ರಲ್ಲಿ ಅಮೆರಿಕದ ಸಂಸತ್ ಸಮಿತಿ ವಿಚಾರಣೆ ನಡೆಸಿತು. ಮುಂದೆ ಕ್ರೋಮ್ ಲೇಪ ಬಂತು, ಶುಚಿ ಮಾಡುವ ಕಿಟ್ ಬಂತು, ಅದೇ ರೈಫಲ್ ಇಂದಿಗೂ ಬೇರೆ ಬೇರೆ ರೂಪದಲ್ಲಿ ಬಳಕೆಯಲ್ಲಿದೆ. ಎನ್‌ಸಿಸಿಯಲ್ಲಿ ಇದ್ದವರಿಗೆ ಪುಲ್ ಥ್ರೂ, ಚಿಂದಿ ನೆನಪಿರಬೇಕು. ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ನಳಿಗೆಯೊಳಗೆ ಎಳೆಯುವ ಆ ಕೆಲಸವನ್ನು ಉಸ್ತಾದರು ಅಷ್ಟು ಸಲ ಮಾಡಿಸಿದ್ದು ಸುಮ್ಮನೆ ಅಲ್ಲ.

ಇನ್ಸಾಸ್: ಬೈಯುವುದು ಸುಲಭ

ಜಗತ್ತೆಲ್ಲ 5.56 ಕಡೆಗೆ ಹೊರಳಿದಾಗ ನಾವೂ ಹೊರಳಿದೆವು. ಪುಣೆಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಎಆರ್‌ಡಿಇ, ರೈಫಲ್ ಮತ್ತು ಎಲ್‌ಎಂಜಿ ಎರಡಕ್ಕೂ ಒಂದೇ ಕುಟುಂಬದ ವಿನ್ಯಾಸ ಮಾಡಿತು. ಹೆಸರು ಇಂಡಿಯನ್ ಸ್ಮಾಲ್ ಆರ್ಮ್ಸ್ ಸಿಸ್ಟಮ್, ಕಿರಿದಾಗಿ ಇನ್ಸಾಸ್. 1980ರ ದಶಕದಲ್ಲಿ ಶುರುವಾದ ಕೆಲಸ ಪಲ್ಟನ್ನುಗಳ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದಿದ್ದು 90ರ ದಶಕದ ಕೊನೆಗೆ. ನಡುವೆ ಒಂದು ವಿಚಿತ್ರ ಪರಿಸ್ಥಿತಿ. ರೈಫಲ್ ವಿನ್ಯಾಸ ಸಿದ್ಧ, ಅದಕ್ಕೆ ಬೇಕಾದ ಗುಂಡು ಬೇಕಾದಷ್ಟು ಇಲ್ಲ. ಆಗ ಕಾಶ್ಮೀರ ಉರಿಯುತ್ತಿತ್ತು, ಉಗ್ರರ ಕೈಯಲ್ಲಿ ಎಕೆ-47. ತಡೆಯಲಾರದೆ ಸರ್ಕಾರ ಹೊರಗಿನಿಂದ ಎಕೆ ಮಾದರಿಯ ರೈಫಲ್‌ಗಳನ್ನೇ ತರಿಸಿತು. ತಾತ್ಕಾಲಿಕ ಅಂತ ಬಂದ ಅತಿಥಿ. ಆಮೇಲೆ ಮನೆಯವನೇ ಆಗಿಬಿಟ್ಟ.

1998ರ ಗಣರಾಜ್ಯೋತ್ಸವ ಪೆರೇಡಿನಲ್ಲಿ ಇನ್ಸಾಸ್ ಹೆಮ್ಮೆಯಿಂದ ಕಾಣಿಸಿಕೊಂಡಿತು. ಮರುವರ್ಷ ಕಾರ್ಗಿಲ್. ಪರೀಕ್ಷೆ ಅಂದರೆ ಅದು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ದೂರುಗಳು ಬಂದವು. ಮೂರು ಗುಂಡು ಹಾರಿ ನಿಲ್ಲಬೇಕಾದದ್ದು ನಿಲ್ಲದೆ ಹಾರುತ್ತಲೇ ಹೋಯಿತು ಅಂದರು. ಗುಂಡು ಹಾರಿಸುವವನ ಕಣ್ಣಿಗೆ ಎಣ್ಣೆ ಚಿಮ್ಮಿತು ಅನ್ನೋ ದೂರೂ ಇತ್ತು. ಹದಿನಾರು ಸಾವಿರ ಅಡಿ ಎತ್ತರದಲ್ಲಿ, ಕಡಿದಾದ ಬಂಡೆ ಹತ್ತಿ, ಮೇಲೆ ಬಂಕರಿನಲ್ಲಿ ಕೂತವನ ಎದುರು ನಿಂತಾಗ ಕೈಯಲ್ಲಿನ ಮ್ಯಾಗಜೀನ್ ಒಡೆಯೋದು ಅಂದರೆ ಏನು ಅಂತ ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂತು ಊಹಿಸೋದು ಕಷ್ಟ.

ನೇಪಾಳಕ್ಕೂ ನಾವು ಇದೇ ರೈಫಲ್ ಕೊಟ್ಟಿದ್ದೆವು. 2005ರ ಆಗಸ್ಟ್‌ನಲ್ಲಿ ಮಾವೋವಾದಿಗಳ ಜೊತೆಗಿನ ಕಾಳಗದಲ್ಲಿ ಅಲ್ಲಿನ 43 ಸೈನಿಕರು ಸತ್ತರು. ಇನ್ಸಾಸ್ ಕೈಕೊಟ್ಟಿತು ಅಂತ ನೇಪಾಳ ಸೇನೆ ಬಹಿರಂಗವಾಗಿಯೇ ಹೇಳಿತು. ಬಳಸಿದ ರೀತಿ ಸರಿಯಿರಲಿಲ್ಲ ಅಂತ ಭಾರತದ ಕಡೆಯಿಂದ ಉತ್ತರ ಹೋಯಿತು. ಯಾರ ಮಾತು ಎಷ್ಟು ನಿಜವೋ, ಹೆಸರು ಮಾತ್ರ ಕೆಟ್ಟಿತು. ನಕ್ಸಲ್ ಪ್ರದೇಶದಲ್ಲಿದ್ದ ಸಿಆರ್‌ಪಿಎಫ್ ಕೂಡ ಇನ್ಸಾಸ್ ಬೇಡ, ಎಕೆ ಕೊಡಿ ಅಂತ ಕೇಳಿತು.

ಇಂಟರ್ನೆಟ್ಟಿನಲ್ಲಿ ಇನ್ಸಾಸ್ ಅಂದರೆ ಒಂದು ಜೋಕ್ ಆಗಿಬಿಟ್ಟಿದೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸಲ್ಲ. ಗುರಿಯ ನಿಖರತೆ ಬಗ್ಗೆ ದೂರು ಕಡಿಮೆ, ಮ್ಯಾಗಜೀನ್ ಮುಂದೆ ಸುಧಾರಿಸಿತು, ಲಕ್ಷಾಂತರ ಯೋಧರು ಎರಡು ದಶಕ ಅದನ್ನೇ ಹಿಡಿದು ದೇಶ ಕಾದರು. ಮೊದಲ ವರ್ಷನ್ನಿನಲ್ಲಿ ದೋಷ ಇರೋದು ಎಂ16ಗೂ ತಪ್ಪಲಿಲ್ಲ. ವ್ಯತ್ಯಾಸ ಇರೋದು ರಿಪೇರಿಯ ವೇಗದಲ್ಲಿ. ಅಲ್ಲಿ ಗಲಾಟೆಯಾಗಿ ಬೇಗ ಸರಿಹೋಯಿತು. ಇಲ್ಲಿ ವಿನ್ಯಾಸ ಮಾಡುವವರು ಪುಣೆಯಲ್ಲಿ, ತಯಾರಿಸುವವರು ಇಶಾಪುರ, ಕಾನ್ಪುರ, ತಿರುಚಿರಾಪಳ್ಳಿಯಲ್ಲಿ, ಬಳಸುವವನು ಹಿಮದಲ್ಲಿ. ತಪ್ಪು ಯಾರದು ಅಂತ ಕೇಳಿದರೆ ಫೈಲು ಊರೂರು ಸುತ್ತುತ್ತೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವರಿಗೆ ಈ ಪರಿಸ್ಥಿತಿ ಹೊಸದೇನಲ್ಲ, ಅಲ್ಲಿ ಪ್ರಾಣ ಹೋಗಲ್ಲ ಅಷ್ಟೇ.

ಇನ್ಸಾಸ್ ಎಲ್‌ಎಂಜಿ ವಿಷಯದಲ್ಲಿ ಮಾತ್ರ ನನ್ನ ಸಹಾನುಭೂತಿ ಕಡಿಮೆ. ಅದು ಹೆಚ್ಚುಕಡಿಮೆ ರೈಫಲ್ಲೇ, ನಳಿಗೆ ಸ್ವಲ್ಪ ದಪ್ಪ. ಗುಂಡಿನ ಬೆಲ್ಟ್ ಹಾಕುವಂತಿಲ್ಲ, 30 ಗುಂಡಿನ ಮ್ಯಾಗಜೀನ್ ಮುಗಿದಂತೆಲ್ಲ ಬದಲಿಸುತ್ತಾ ಕೂರಬೇಕು. ಬಿಡದೆ ಗುಂಡು ಸುರಿಸಬೇಕಾದ ಆಯುಧಕ್ಕೆ ಇದು ದೊಡ್ಡ ಕೊರತೆಯೇ.

ಟೆಂಡರ್ ಪುರಾಣ

ಬದಲಿ ರೈಫಲ್ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು. 2011ರಲ್ಲಿ ಜಾಗತಿಕ ಟೆಂಡರ್ ಕರೆದರು. ಬೇಡಿಕೆ ಏನು ಗೊತ್ತಾ? ಒಂದೇ ರೈಫಲ್, ನಳಿಗೆ ಬದಲಿಸಿದರೆ 5.56 ಗುಂಡೂ ಹಾರಬೇಕು, ಎಕೆಯ 7.62 ಗುಂಡೂ ಹಾರಬೇಕು. ಇಟಲಿಯ ಬೆರೆಟ್ಟಾ, ಚೆಕ್ ದೇಶದ ಸಿಜೆಡ್, ಇಸ್ರೇಲಿನ ಐಡಬ್ಲ್ಯುಐ, ಅಮೆರಿಕದ ಕೋಲ್ಟ್ ಎಲ್ಲ ಬಂದು ಸರದಿ ನಿಂತವು. ನಾಲ್ಕು ವರ್ಷ ಪರೀಕ್ಷೆ ನಡೆದು 2015ರಲ್ಲಿ ಟೆಂಡರೇ ರದ್ದಾಯಿತು. 2017ರಲ್ಲಿ ಇಶಾಪುರ ತಾನೇ ಒಂದು 7.62 ರೈಫಲ್ ಮಾಡಿ ತಂದಿತು, ಸೇನೆ ಪರೀಕ್ಷಿಸಿ ಬೇಡ ಅಂದಿತು. ಮದುವೆಗೆ ಜಾತಕ ನೋಡುತ್ತಾ ನೋಡುತ್ತಾ ವಯಸ್ಸು ಮೀರಿದ ಹಾಗೆ.

ಕೊನೆಗೆ 2019ರಲ್ಲಿ ಎರಡು ದಾರಿ ಹಿಡಿದರು. ಗಡಿಯ ಮುಂಚೂಣಿಗೆ ತುರ್ತಾಗಿ ಅಮೆರಿಕದ ಸಿಗ್ ಸಾವರ್ ಕಂಪನಿಯ ಸಿಗ್ 716 ರೈಫಲ್, 72,400. ಇದು ಎಸ್‌ಎಲ್‌ಆರ್ ಕಾಲದ ದೊಡ್ಡ 7.62 ಗುಂಡು ಹಾರಿಸುತ್ತೆ, 500 ಮೀಟರ್ ದೂರಕ್ಕೂ ಧೈರ್ಯವಾಗಿ ಹೊಡೆಯಬಹುದು. ಅಂದರೆ ಸಣ್ಣ ಗುಂಡಿಗೆ ಹೋಗಿ ನಾವು ಮತ್ತೆ ದೊಡ್ಡ ಗುಂಡಿಗೇ ವಾಪಸ್. 2024ರಲ್ಲಿ ಇನ್ನೂ ಸುಮಾರು 73,000 ತರಿಸಲು ಒಪ್ಪಂದ ಆಯಿತು.

ಎರಡನೆಯದು ಎಕೆ-203. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ಭಾರತ-ರಷ್ಯಾ ಜಂಟಿ ಕಂಪನಿ. 2019ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆಮೇಲೆ ಬೆಲೆ ಎಷ್ಟು, ರಾಯಧನ ಎಷ್ಟು ಅನ್ನೋ ಚೌಕಾಶಿ, ಜೊತೆಗೆ ಕೊರೊನಾ. 6,01,427 ರೈಫಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2021ರ ಡಿಸೆಂಬರ್‌ನಲ್ಲಿ. ಎರಡು ತಿಂಗಳಲ್ಲಿ ಉಕ್ರೇನ್ ಯುದ್ಧ. 2024ರ ಜುಲೈ ಹೊತ್ತಿಗೆ ಸೇನೆಗೆ ತಲುಪಿದ್ದು 35,000. ಮಿಖಾಯಿಲ್ ಕಲಾಶ್ನಿಕೋವ್ 1947ರಲ್ಲಿ ರೂಪಿಸಿದ ರೈಫಲ್‌ನ ಮೊಮ್ಮಗನನ್ನು ತಯಾರಿಸೋಕೂ ಇಷ್ಟು ಹೊತ್ತು ಬೇಕಾಯಿತಾ ಅಂತ ಕೇಳಬಹುದು. ಬೇಕಾಗುತ್ತೆ. ಒಂದು ರೈಫಲ್ ಮಾಡೋದು ಕುಶಲಕರ್ಮಿಯ ಕೆಲಸ. ಯಾವ ರೈಫಲ್‌ನ ಬಿಡಿಭಾಗ ಯಾವುದಕ್ಕೆ ಹಾಕಿದರೂ ಕೂರುವಂಥ ಆರು ಲಕ್ಷ ರೈಫಲ್ ಮಾಡೋದು ಬೇರೆಯೇ ವಿದ್ಯೆ. ಉಕ್ಕಿನ ಗುಣ, ನಳಿಗೆಯ ಒಳಮೈ, ಪ್ರತಿ ಅಳತೆ ತಪಾಸಣೆ ಮಾಡುವ ಕಣ್ಣು, ಇವೆಲ್ಲ ಒಪ್ಪಂದಕ್ಕೆ ಸಹಿ ಹಾಕಿದ ದಿನ ಬಂದುಬಿಡಲ್ಲ.

ಎಲ್‌ಎಂಜಿ ಕೊರತೆಗೆ 2020ರ ಮಾರ್ಚ್‌ನಲ್ಲಿ ಇಸ್ರೇಲಿನ ನೆಗೆವ್ ಬಂತು, 16,479ಕ್ಕೆ ಒಪ್ಪಂದ. ಇದಕ್ಕೆ ಬೆಲ್ಟ್ ಹಾಕಬಹುದು, ಕಾದ ನಳಿಗೆ ಬದಲಿಸಬಹುದು. ಬ್ರೆನ್ ಕಾಲದಲ್ಲಿ ಇದ್ದ ಆ ಸೌಲಭ್ಯ ಮತ್ತೆ ಬಂತು ಅನ್ನಿ. ಅಷ್ಟರಲ್ಲಿ ಕಾರ್ಖಾನೆಗಳ ಬೋರ್ಡುಗಳೂ ಬದಲಾದವು. 2021ರ ಅಕ್ಟೋಬರ್‌ನಲ್ಲಿ ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಮುಚ್ಚಿ ಏಳು ಸರ್ಕಾರಿ ಕಂಪನಿಗಳಾದವು. ಇಶಾಪುರ, ಕಾನ್ಪುರ, ತಿರುಚಿರಾಪಳ್ಳಿ ಈಗ ಒಂದೇ ಕಂಪನಿಯ ಕೆಳಗಿವೆ.

ಖಾಸಗಿಯವರೂ ಬಂದಿದ್ದಾರೆ. ನಮ್ಮ ಬೆಂಗಳೂರಿನ ಪಕ್ಕದ ಜಿಗಣಿಯಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ರೈಫಲ್‌ಗಳನ್ನು ವಿನ್ಯಾಸ ಮಾಡಿ ತಯಾರಿಸುತ್ತಿದೆ. ಇದರ ಮೂಲ ಮನೆತನ ಸ್ಪ್ರಿಂಗ್ ತಯಾರಿಕೆಯ ಹಳೆಯ ಕಂಪನಿ ಸ್ಟಂಪ್, ಶೂಲೆ ಅಂಡ್ ಸೋಮಪ್ಪ. ಯೋಚಿಸಿದರೆ ಆಶ್ಚರ್ಯ ಇಲ್ಲ. ಬಂದೂಕಿನೊಳಗೆ ನಿಷ್ಠೆಯಿಂದ ದುಡಿಯುವ ಭಾಗ ಸ್ಪ್ರಿಂಗೇ ತಾನೇ. ಮ್ಯಾಗಜೀನಿನಲ್ಲಿ ಗುಂಡನ್ನು ಮೇಲೆ ತಳ್ಳೋದು ಅದು, ಬೋಲ್ಟನ್ನು ವಾಪಸ್ ಮುಂದೂಡೋದೂ ಅದು.

ಒಂದು ಸಂಖ್ಯೆ, ಎರಡು ಗುಂಡು

ಹೊಸ ರೈಫಲ್‌ಗಳು ಬಂದ ಮೇಲೆ ಕಥೆ ಮುಗೀತು ಅಂದುಕೊಳ್ಳಬೇಡಿ. ಈಗಿನ ತಲೆನೋವು ಇನ್ನೊಂದು. ಇನ್ಸಾಸ್ ಇನ್ನೂ ಪೂರ್ತಿ ಹೋಗಿಲ್ಲ, ಅದರ ಗುಂಡು 5.56. ಎಕೆ-203ರದ್ದು 7.62. ಸಿಗ್ ಮತ್ತು ನೆಗೆವ್‌ನದ್ದೂ 7.62. ಆದರೆ ಈ ಎರಡು 7.62 ಒಂದೇ ಅಲ್ಲ. ಎಕೆ ಗುಂಡಿನ ಕೋಶ 39 ಮಿ.ಮೀ. ಉದ್ದ, ಸಿಗ್‌ನದ್ದು 51 ಮಿ.ಮೀ. ಒಂದರ ಗುಂಡು ಇನ್ನೊಂದರಲ್ಲಿ ಕೂರಲ್ಲ. ಮೂರು ತರಹದ ಗುಂಡು, ಮೂರು ತರಹದ ಮ್ಯಾಗಜೀನ್, ಮೂರು ತರಹದ ಬಿಡಿಭಾಗ, ಕಲಿಸೋಕೆ ಮೂರು ತರಹದ ಪಾಠ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೋ ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ಕೇಂದ್ರದಲ್ಲೋ ತರಬೇತಿ ಮುಗಿಸಿದ ಹುಡುಗ ಮುಂದೆ ಯಾವ ಪೋಸ್ಟಿಗೆ ಹೋಗುತ್ತಾನೋ ಅಲ್ಲಿನ ಕೋತ್‌ನಲ್ಲಿ ಇವುಗಳಲ್ಲಿ ಯಾವುದು ಸಿಗುತ್ತೋ ಅದರ ಸ್ವಭಾವ ತಿಳಿದುಕೊಳ್ಳಬೇಕು.

ಎತ್ತರದ ಪೋಸ್ಟುಗಳಿಗೆ ರಸ್ತೆ ಮುಗಿದ ಮೇಲೆ ಸಾಮಾನು ಹೋಗೋದು ಇಂದಿಗೂ ಕೆಲವು ಕಡೆ ಹೇಸರಗತ್ತೆಯ ಬೆನ್ನ ಮೇಲೆ, ಇಲ್ಲವೇ ಪೋರ್ಟರ್‌ಗಳ ಬೆನ್ನ ಮೇಲೆ. ಅಕ್ಕಿ, ಬೇಳೆ, ಸೀಮೆಎಣ್ಣೆಯ ಜೊತೆ ಗುಂಡಿನ ಪೆಟ್ಟಿಗೆಯೂ ಹೋಗುತ್ತೆ. ಕೆಳಗಿನ ಡಿಪೋದಲ್ಲಿ ಹವಾಲ್ದಾರ್ ಒಬ್ಬರು ಪೆಟ್ಟಿಗೆಯ ಮೇಲೆ 7.62ರ ಪಕ್ಕ 39 ಅಂತ ಬರೆದಿದೆಯೋ 51 ಅಂತಲೋ ಇನ್ನೊಂದು ಸಲ ಓದಿ, ಆಮೇಲೆ ಹಗ್ಗ ಬಿಗಿಯಲು ಹೇಳುತ್ತಾರೆ.